ಕೆಳಗಿನ ಗದ್ದೆಗೆ ನೀರು ಹೋಗುವ ದಾರಿ

ಓದುತ್ತಿರುವ ಎಲ್ಲರಿಗೂ ಶರಣು. ಇದನ್ನು ನಾನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಒತ್ತುತ್ತಿದ್ದೇನೆ. ಒತ್ತಕ್ಷರ ಬಂದ ಕಡೆ ಬೆರಳು ನಿಂತುಬಿಡುತ್ತದೆ, ಕನ್ನಡಕ ಒರೆಸಿಕೊಂಡು ಹುಡುಕಬೇಕಾಗುತ್ತದೆ. ನಾನು ಹತ್ತನೇ ತರಗತಿ ಪಾಸು ಮಾಡಿದ್ದು ನಲವತ್ತು ದಾಟಿದ ಮೇಲೆ, ಅದೂ ಹೊರಗಿನಿಂದ ಪರೀಕ್ಷೆ ಕಟ್ಟಿ. ಅದಕ್ಕೆ ಮುಂಚೆ ಗುತ್ತೂರಿನ ಹತ್ತಿರ ಒಂದು ಕಾರ್ಖಾನೆಯಲ್ಲಿ ಲಾರಿಗೆ ಮಾಲು ತುಂಬುತ್ತಿದ್ದೆ. ತಪ್ಪು ಕಂಡರೆ ಮನೆಯವನೇ ಬರೆದದ್ದು ಅಂದುಕೊಂಡು ಮನ್ನಿಸಿ, ತಿದ್ದಿಕೊಂಡು ಓದಿ.

ಬರೆಯಬೇಕು ಅನ್ನಿಸಿದ್ದಕ್ಕೆ ಕಾರಣ ಹೆದರಿಕೆ. ಹೋದ ಬೇಸಿಗೆ ಬೆಳೆಯಿಂದ ಅದು ನನ್ನ ಜೊತೆಗೇ ಇದೆ. ಬಾತಿಯಿಂದ ಬೈಕು ಹತ್ತಿ ಹರಿಹರದ ರಸ್ತೆ ಹಿಡಿದರೆ ಎಡಬಲ ಭತ್ತದ ಗದ್ದೆ ಕಾಣುತ್ತದಲ್ಲ, ಮೊದಲಾದರೆ ಹಸಿರು ನೋಡಿ ಹಾಯೆನಿಸುತ್ತಿತ್ತು. ಈಗ ನನ್ನ ಕಣ್ಣು ಬದುವಿನ ಆಚೆಗೆ ಹೋಗುತ್ತದೆ. ಅದರ ಕೆಳಗಿನ ಗದ್ದೆ ಯಾರದು, ಅದಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಹುಡುಕುತ್ತದೆ.

ಮೊದಲಿಂದ ಹೇಳುತ್ತೇನೆ. ಹೊರದೇಶದಲ್ಲಿ ಒಂದು ದೊಡ್ಡ ಕಂಪ್ಯೂಟರ್ ಕಂಪನಿ ಇದೆ. ಹೆಸರು ಬೇಡ. ನಾವು ನೀವು ಕಳಿಸುವ ಫೋಟೋ, ವಿಡಿಯೋ ಎಲ್ಲವನ್ನೂ ಇಟ್ಟುಕೊಳ್ಳಲು ಅವರಿಗೆ ದೊಡ್ಡ ದೊಡ್ಡ ಕಟ್ಟಡಗಳಿವೆಯಂತೆ. ಅವಕ್ಕೆ ಹಗಲು ರಾತ್ರಿ ಕರೆಂಟು ಬೇಕು, ಕರೆಂಟು ಮಾಡಲು ಕಲ್ಲಿದ್ದಲು ಸುಡಬೇಕು, ಸುಟ್ಟರೆ ಹೊಗೆ, ಹೊಗೆಯಿಂದ ಭೂಮಿ ಕಾಯುತ್ತದೆ. ಇಷ್ಟು ವರ್ಷದೊಳಗೆ ನಮ್ಮ ಹೊಗೆಯನ್ನು ಇಲ್ಲವಾಗಿಸುತ್ತೇವೆ ಎಂದು ಆ ಕಂಪನಿ ಜಗತ್ತಿಗೆ ಮಾತು ಕೊಟ್ಟಿದೆ. ಬಿಸಿಲಿನ ಕರೆಂಟು, ಗಾಳಿಯ ಕರೆಂಟು ಎಂದು ತಾವು ಇಳಿಸುವಷ್ಟು ಇಳಿಸುತ್ತಾರೆ. ಇಳಿಸಲಾಗದೆ ಉಳಿಯುವ ಭಾಗಕ್ಕೆ ಬದಲಾಗಿ ಬೇರೆ ಯಾರಾದರೂ ಬೇರೆಲ್ಲಾದರೂ ಇಳಿಸಿದರೆ ಅದಕ್ಕೆ ದುಡ್ಡು ಕೊಡುತ್ತಾರೆ. ಆ ಬೇರೆ ಯಾರಾದರೂ ಎನ್ನುವವರಲ್ಲಿ ಹರಿಹರದ ಕಡೆಯ ಭಾನುವಳ್ಳಿಯ ಭತ್ತದ ರೈತರೂ ಸೇರಿದರು. ನಡುವೆ ಕೆಲಸ ಮಾಡಿಸುವ ಒಂದು ಸಂಸ್ಥೆ ದಾವಣಗೆರೆಯಲ್ಲಿ ಆಫೀಸು ತೆರೆದು, ಕನ್ನಡ ಓದಲು ಬರುವ, ಬೈಕು ಇರುವ ಆಳುಗಳನ್ನು ಹುಡುಕಿತು. ನನ್ನ ಹತ್ತನೇ ತರಗತಿಯ ಅಂಕಪಟ್ಟಿ ಮೊದಲನೇ ಸಲ ಕೆಲಸಕ್ಕೆ ಬಂದದ್ದು ಆಗಲೇ.

ತರಬೇತಿ ಆದದ್ದು ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಎರಡನೇ ಮಹಡಿಯಲ್ಲಿ. ಎಂಜಿನಿಯರಮ್ಮ ಒಬ್ಬರು ಗೋಡೆಯ ಮೇಲೆ ಚಿತ್ರ ಬಿಟ್ಟು ಹೇಳಿದರು. ಗದ್ದೆಯಲ್ಲಿ ನೀರು ಕಟ್ಟಿ ನಿಂತರೆ ಕೆಸರಿನೊಳಗೆ ಕೊಳೆತು ಮೀಥೇನ್ ಎಂಬ ಅನಿಲ ಹುಟ್ಟುತ್ತದೆ, ಅದು ಹೊಗೆಗಿಂತಲೂ ಕೆಟ್ಟದ್ದು. ನಡುನಡುವೆ ಗದ್ದೆ ಒಣಗಲು ಬಿಟ್ಟರೆ ಅದು ಹುಟ್ಟುವುದಿಲ್ಲ, ಬೆಳೆಗೂ ಏನೂ ಆಗುವುದಿಲ್ಲ, ನೀರೂ ಉಳಿಯುತ್ತದೆ. ತೆನೆ ಬರುವ ಹೊತ್ತಿನಲ್ಲಿ ಮಾತ್ರ ಒಣಗಿಸಬಾರದು. ಈ ಕೊನೆಯ ಮಾತನ್ನು ಅವರು ಎರಡು ಸಲ ಹೇಳಿದರು. ನಾನು ಬರೆದುಕೊಂಡೆ ಕೂಡ.

ಕೆಸರಿನಲ್ಲಿ ಕಾಲಿಟ್ಟರೆ ಗುಳುಗುಳು ಎಂದು ಗುಳ್ಳೆ ಏಳುತ್ತದಲ್ಲ, ಅದೇ ಅಂತೆ ಆ ಅನಿಲ. ಚಿಕ್ಕವನಿದ್ದಾಗ ಆ ಗುಳ್ಳೆ ಏಳಿಸಲೆಂದೇ ಕೆಸರು ತುಳಿಯುತ್ತಿದ್ದೆ. ಅವತ್ತು ಮನೆಗೆ ಬರುವಾಗ ದಾರಿಯ ಗದ್ದೆಗಳೆಲ್ಲ ಕುದಿಯುತ್ತಿರುವ ಹಾಗೆ ಕಂಡವು.

ಅದಕ್ಕಿಂತ ಹೆಚ್ಚು ಹೆದರಿಸಿದ್ದು ಇನ್ನೊಂದು ಚಿತ್ರ. ಆಕಾಶದಲ್ಲಿ ಉಪಗ್ರಹ, ಅದರಿಂದ ಗದ್ದೆಯ ಮೇಲೆ ಬಿದ್ದ ಒಂದು ಗೆರೆ. ಮೇಲಿನಿಂದಲೂ ಪರೀಕ್ಷೆ ಮಾಡುತ್ತಾರೆ ಎಂದು ಎಂಜಿನಿಯರಮ್ಮ ಸಹಜವಾಗಿ ಹೇಳಿ ಮುಂದಕ್ಕೆ ಹೋದರು. ನಾನು ಹೋಗಲಿಲ್ಲ. ಕಾರ್ಖಾನೆಯಲ್ಲಿದ್ದಾಗ ಮೇಸ್ತ್ರಿ ಕಿಟಕಿಯಿಂದ ನೋಡುತ್ತಾನೆ ಎಂದು ಬೀಡಿಗೂ ಕೂರದೆ ದುಡಿದವನು ನಾನು. ಈಗ ಮೇಸ್ತ್ರಿ ಆಕಾಶದಲ್ಲಿ ಇದ್ದಾನೆ.

ಆ ಹೆದರಿಕೆಯನ್ನು ನಾನು ಒಬ್ಬನೇ ಇಟ್ಟುಕೊಳ್ಳಲಿಲ್ಲ. ಸಹಿ ಹಾಕಿಸುವಾಗ ಪ್ರತಿಯೊಬ್ಬ ರೈತರಿಗೂ ಹೇಳಿದೆ, "ಮ್ಯಾಲಿಂದ ನೋಡ್ತಾರೆ ಯಜಮಾನ್ರೆ. ಒಣಗಿಸ್ರಿ ಅಂದ ಹೊತ್ತಿನಾಗೆ ಒಂದು ದಿನ ನೀರು ನಿಂತ್ರೂ ಅವರಿಗೆ ಗೊತ್ತಾಗ್ತೈತೆ. ಆಮ್ಯಾಲೆ ನನ್ನ ಕೇಳಬ್ಯಾಡ್ರಿ." ಹಾಗೆ ಹೇಳಲು ಯಾರೂ ಹೇಳಿರಲಿಲ್ಲ. ನಾನೇ ಹೇಳಿದ್ದು.

ಕೆಲಸ ಇಷ್ಟೆ. ತೂತು ಕೊರೆದ ಪಿವಿಸಿ ಪೈಪಿನ ತುಂಡನ್ನು ಗದ್ದೆಯಲ್ಲಿ ಹೂಳಿರುತ್ತೇವೆ. ಒಳಗೆ ಕೆಂಪು ಗೆರೆ ಇದೆ. ಗದ್ದೆಗೆ ಬರುವ ಕಾಲುವೆ ನೀರು ನಿಲ್ಲಿಸಿದ ಮೇಲೆ ಪೈಪಿನೊಳಗಿನ ನೀರು ಇಳಿಯುತ್ತ ಆ ಗೆರೆ ಮುಟ್ಟುವವರೆಗೆ ರೈತರು ಕಾಯಬೇಕು, ಆಮೇಲೆ ನೀರು ಬಿಡಬಹುದು. ನಾನು ದಿನಾ ಹೋಗಿ ಪೈಪಿಗೆ ಬಗ್ಗಿ ಫೋಟೋ ತೆಗೆದು ಆಫೀಸಿಗೆ ಕಳಿಸಬೇಕು. ಊರಿನವರು ನನಗೆ ಪೈಪಿನ ಡಾಕ್ಟ್ರು ಎಂದು ಹೆಸರಿಟ್ಟರು.

ಊರಿನ ಒಂದು ರೂಢಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಾಲೆಯ ಕೊನೆಯ ಭಾಗದಲ್ಲಿ ಎಲ್ಲ ಗದ್ದೆಗೂ ಕಾಲುವೆ ಇರುವುದಿಲ್ಲ. ಮೇಲಿನ ಗದ್ದೆಗೆ ಬಂದ ನೀರು ಬದುವಿನ ಒಂದು ಕಂಡಿಯಿಂದ ಕೆಳಗಿನ ಗದ್ದೆಗೆ ಇಳಿಯುತ್ತದೆ. ಅದಕ್ಕೆ ಮಡೆ ಎನ್ನುತ್ತಾರೆ. ಒಬ್ಬರ ಮಡೆಯನ್ನು ಇನ್ನೊಬ್ಬರು ಮುಟ್ಟುವ ಹಾಗಿಲ್ಲ. ಮುಟ್ಟಿದರೆ ಸಲಿಕೆ ಎತ್ತುವವರೆಗೂ ಜಗಳ ಹೋಗುತ್ತದೆ. ಆದರೆ ಕೆಳಗಿನ ಗದ್ದೆಯ ಭತ್ತ ಹೊಡೆ ಕಟ್ಟಿತು ಎಂದರೆ, ಅಂದರೆ ತೆನೆ ಇನ್ನೂ ಹೊಟ್ಟೆಯೊಳಗೇ ಇದ್ದು ಈಚೆಗೆ ಬರಲಿರುವಾಗ, ಮೇಲಿನವರು ಯಾರೂ ಕೇಳದೆ ತಾವಾಗಿಯೇ ಮಡೆ ತೆಗೆಯುತ್ತಾರೆ. ಅದಕ್ಕೆ ಹೊಡೆ ನೀರು ಎನ್ನುತ್ತಾರೆ. ವರ್ಷವೆಲ್ಲ ಮಾತು ಬಿಟ್ಟವರೂ ಹೊಡೆ ನೀರು ನಿಲ್ಲಿಸುವುದಿಲ್ಲ. ನಾನು ಬಾತಿಯವನು, ನನಗೂ ಇದು ಗೊತ್ತು. ಗೊತ್ತಿದ್ದೂ ನಾನು ನೋಡುತ್ತಿದ್ದದ್ದು ಪೈಪನ್ನು.

ನನ್ನ ಪಟ್ಟಿಯಲ್ಲಿದ್ದ ಒಂದು ಗದ್ದೆಯ ಯಜಮಾನರು ವಯಸ್ಸಾದವರು, ಮಾತಿಗೆ ಗಟ್ಟಿ. ಅವರು ಮೊದಲು ಹಾಕಿದ ಸಸಿ ಕೆಟ್ಟು ಆ ಸಲ ನಾಟಿ ಮೂರು ವಾರ ತಡವಾಗಿತ್ತು. ಅವರ ಗದ್ದೆಯ ಕೆಳಗೆ ಅರ್ಧ ಎಕರೆ ಮಾಡುತ್ತಿದ್ದ ಒಬ್ಬ ಅಕ್ಕ. ಅವರ ಗಂಡ ಹರಿಹರದಲ್ಲಿ ಗಾರೆ ಕೆಲಸಕ್ಕೆ ಹೋಗುತ್ತಾರೆ, ಗದ್ದೆ ಪೂರ್ತಿ ಅಕ್ಕನದೇ. ಮನೆಯ ವರ್ಷದ ಅನ್ನ ಆ ಅರ್ಧ ಎಕರೆಯಲ್ಲಿ ಬೆಳೆಯಬೇಕು. ಈ ಯೋಜನೆಗೆ ಸೇರುತ್ತೇನೆ ಎಂದು ಅವರೂ ಬಂದಿದ್ದರು. ಪಹಣಿ ಇನ್ನೂ ಸತ್ತ ಮಾವನ ಹೆಸರಿನಲ್ಲಿ ಇದ್ದುದರಿಂದ ಆಗುವುದಿಲ್ಲ ಎಂದು ನಾನೇ ವಾಪಸ್ಸು ಕಳಿಸಿದ್ದೆ.

ಅವತ್ತು ಬೆಳಿಗ್ಗೆ ಹತ್ತರ ಹೊತ್ತಿಗೆ ನಾನು ಯಜಮಾನರ ಗದ್ದೆಯಲ್ಲಿ ಪೈಪಿಗೆ ಬಗ್ಗಿದ್ದೆ. ಬದುವಿನ ಮೇಲೆ ಅಕ್ಕ ಬಂದು ನಿಂತರು.

"ಏನಪಾ ಪೈಪಿನ ಡಾಕ್ಟ್ರೆ, ನಿನ್ನ ರೋಗಿ ಹೆಂಗದಾನೆ?"

"ಚೆನ್ನಾಗಿ ಇಳೀತೈತ್ರಿ ಅಕ್ಕಾ. ಇನ್ನು ನಾಕು ದಿನಕ್ಕೆ ಗೆರಿ ಮುಟ್ತೈತೆ."

"ಅದು ಗೆರಿ ಮುಟ್ಟಾದ್ರೊಳಗೆ ನನ್ನ ಭತ್ತ ಮಣ್ಣು ಮುಟ್ತೈತೆ. ಇಲ್ಲಿಗೆ ಇಳಿದು ಬಾ."

ಇಳಿದೆ. ಕೆಳಗಿನ ಗದ್ದೆಯ ನೆಲ ಕೂದಲೆಳೆಯಷ್ಟು ಬಿರುಕು ಬಿಟ್ಟಿತ್ತು. ಎಲೆಗಳು ಬಿಸಿಲಿಗೆ ಸುರುಳಿ ಸುತ್ತಿಕೊಂಡಿದ್ದವು. ಅಕ್ಕ ಒಂದು ದಂಟು ಹಿಡಿದು ಉಗುರಿನಿಂದ ಸೀಳಿದರು. ಒಳಗೆ ಹಾಲಿನ ಬಣ್ಣದ ಎಳೆ ತೆನೆ ಮಡಿಚಿಕೊಂಡಿತ್ತು.

"ಹೊಡಿ ಕಟ್ಟೈತೆ. ಮ್ಯಾಲಿನೋರು ಹೊಡಿ ನೀರು ಬಿಟ್ಟಿಲ್ಲ. ನಾನಾಗಿ ಕೇಳಬಾರ್ದು ಅಂತ ಮೂರು ದಿನ ಸುಮ್ನಿದ್ದೆ. ಇವತ್ತು ನಾಳೆ ಎರಡು ದಿನ ಕಾಲುವಿಗೆ ನೀರು ಐತೆ. ನಾಡಿದ್ದು ಸರದಿ ಮುಗೀತೈತೆ, ಮತ್ತೆ ಬರೋದು ಯಾವಾಗಲೋ. ಆಗ ಬಂದು ಏನು ಮಾಡ್ಲಿ, ಜೊಳ್ಳು ತೊಳೀಲೇನು?"

ಮೇಲಿನ ಗದ್ದೆಗೆ ನೀರು ಹಾಯಿಸದೆ ಇದಕ್ಕೆ ನೀರು ಬರುವುದಿಲ್ಲ. ಹಾಯಿಸಿದರೆ ಅಲ್ಲಿಯ ಒಣಗಿಸುವ ಸರದಿ ಕೆಟ್ಟಿತು. ತೆನೆ ಹೊತ್ತಿನಲ್ಲಿ ಒಣಗಿಸಬಾರದು ಎಂದು ನಾನು ಬರೆದುಕೊಂಡದ್ದು ಮೇಲಿನ ಗದ್ದೆಯ ತೆನೆಗೆ ಮಾತ್ರ, ಅದು ಬರಲು ಇನ್ನೂ ಮೂರು ವಾರ ಇತ್ತು. ಕಾಗದದಲ್ಲಿ ಒಂದೊಂದು ಗದ್ದೆಗೂ ನಾಲ್ಕು ಗೆರೆ, ಒಳಗೆ ಒಂದು ನಂಬರು. ನೀರು ಆ ಗೆರೆ ದಾಟುತ್ತದೆ ಎಂದು ಅಲ್ಲಿ ಎಲ್ಲೂ ಇರಲಿಲ್ಲ.

"ಅಲ್ಲಪಾ," ಅಕ್ಕ ಕೇಳಿದರು, "ಹೊಗಿ ಬಿಡೋರು ಅವರು. ಅದಕ್ಕೆ ನನ್ನ ಗದ್ದಿ ಯಾಕ ಒಣಗಬೇಕು? ನಾನು ಅವರ ಪಟ್ಟ್ಯಾಗೂ ಇಲ್ಲ."

ಅಲ್ಲಿಯೇ ನಿಂತು ಆಫೀಸಿನವರು ಕೊಟ್ಟಿದ್ದ ಸಹಾಯದ ನಂಬರಿಗೆ ಫೋನು ಮಾಡಿದೆ. ಎಲ್ಲೋ ದೂರದ ಊರಿನ ಹೆಣ್ಣುಮಗಳ ದನಿ.

"ಪ್ಲಾಟ್ ನಂಬರ್ ಹೇಳಿ ಸರ್."

"ಇದಕ್ಕೆ ನಂಬರ್ ಇಲ್ರಿ. ಇದು ಕೆಳಗಿನ ಗದ್ದೆ."

"ನಂಬರ್ ಇಲ್ಲ ಅಂದ್ರೆ ಆ ಗದ್ದೆ ನಮ್ಮ ಸಿಸ್ಟಮ್‌ನಲ್ಲಿ ಇಲ್ಲ ಸರ್."

"ನಾನು ಅದ್ರಾಗೇ ನಿಂತೀನಿ ಕಣ್ರಿ."

"ಸರಿ ಸರ್. ನಂಬರ್ ಇದ್ರೆ ಹೇಳಿ."

ಎಂಜಿನಿಯರಮ್ಮನ ಫೋನು ಸ್ವಿಚ್ ಆಫ್ ಇತ್ತು. ಅಕ್ಕ ಎಲ್ಲ ಕೇಳಿಸಿಕೊಂಡಿದ್ದರು. "ಪಹಣ್ಯಾಗೆ ನಾನಿಲ್ಲ, ಫೋನ್ನಾಗೆ ಗದ್ದಿ ಇಲ್ಲ. ಹಂಗಾರೆ ನೀ ಯಾರ ಜೊತಿ ಮಾತಾಡಾಕ ಹತ್ತೀಯ?" ಎಂದು ಕೇಳಿ ನಕ್ಕರು. ಆ ನಗು ನನಗೆ ಬೈಗುಳಕ್ಕಿಂತ ಹೆಚ್ಚು ತಾಗಿತು.

ಯಜಮಾನರ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತು ಅಡಿಕೆ ಕತ್ತರಿಸುತ್ತಿದ್ದರು. ನಿಂತುಕೊಂಡೇ ಕೇಳಿದೆ, "ಯಜಮಾನ್ರೆ, ಕೆಳಗಿನ ಗದ್ದಿಗೆ ಹೊಡಿ ನೀರು ಯಾಕ್ರಿ ಬಿಡ್ಲಿಲ್ಲ?"

ಅವರು ಅಡಕತ್ತರಿ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದರು.

"ನೀನು ಕೇಳ್ತೀಯಾ ಇದನ್ನ? ಆಕಿ ಮಾವ ಇದ್ದಾಗಿಂದ ಬಿಟ್ಟೀನಿ. ಆತನ ಕೂಡ ಕೋರ್ಟಿಗೆ ಅಲೆಯೋ ವರ್ಷನೂ ಬಿಟ್ಟೀನಿ. ಈ ವರ್ಷ ಬಿಡ್ಲಿಲ್ಲ ಅಂದ್ರೆ ಅದಕ್ಕೆ ನಿನ್ನ ಬಾಯಿ ಕಾರಣ. ಮ್ಯಾಲಿಂದ ನೋಡ್ತಾರೆ ಅಂದ್ಯಲ್ಲ. ನಾನು ಸೈನ್ ಹಾಕಿದೋನು."

ಒಳಗಿನಿಂದ ಅವರ ಮನೆಯವರು ಅಂದರು, "ಗದ್ದಿ ಕಡಿಗೆ ಹೋದ್ರೆ ಒಂದಕ್ಕೆ ಕೂಡ್ರಾಕೂ ಹೆದರ್ತಾರೆ ನೋಡಪಾ ಇವ್ರು. ಟವಲ್ ಮುಚ್ಕಂತಾರೆ."

"ಸುಮ್ನಿರೇ," ಎಂದರು ಯಜಮಾನರು. ಅವರ ಮುಖದಲ್ಲಿ ನಗು ಇರಲಿಲ್ಲ. "ಎರಡು ದಿನದಿಂದ ಆ ದಾರ್‍ಯಾಗೆ ಹೋಗಿಲ್ಲ ನಾನು. ಆಕಿ ಎದುರಿಗೆ ಬಂದ್ರೆ ಏನು ಹೇಳ್ಲಿ?"

ಅಲ್ಲಿಯವರೆಗೆ ನನ್ನ ಹೆದರಿಕೆ ನನ್ನದು ಮಾತ್ರ ಎಂದುಕೊಂಡಿದ್ದೆ. ನಾನು ಹೇಳಿದ ಒಂದು ಮಾತು ಈ ಹಿರಿಯರ ಮನೆಗೆ ಹೋಗಿ ಕೂತು, ಅಷ್ಟು ವರ್ಷ ನಿಲ್ಲದಿದ್ದ ನೀರನ್ನು ನಿಲ್ಲಿಸಿತ್ತು.

"ಬಿಡ್ರಿ ಯಜಮಾನ್ರೆ. ನಾ ಹೇಳ್ತೀನಿ ಆಫೀಸಿಗೆ."

"ಬಿಟ್ರೆ ನನ್ನ ಹೆಸರು ತೆಗೀತಾರಲ್ಲ?"

"ತೆಗೀಬೋದು ರಿ."

"ನಿನ್ನ ಕೆಲಸ?"

"ಗೊತ್ತಿಲ್ರಿ."

ಯಜಮಾನರು ಕತ್ತರಿಸಿದ ಅಡಿಕೆಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಎದ್ದು ಬಾಗಿಲ ಹಿಂದಿನ ಸಲಿಕೆ ತಂದು ನನ್ನ ಕೈಗೆ ಕೊಟ್ಟರು. "ಹೆದರ್ಸಿದೋನು ನೀನು. ಮಡಿ ನೀನೇ ತೆಗಿ. ನಾ ಬಂದು ನಿಂತ್ಕಂತೀನಿ, ಯಾರೂ ಏನೂ ಅನ್ನಂಗಿಲ್ಲ."

ಇನ್ನೊಬ್ಬರ ಮಡೆಗೆ ಸಲಿಕೆ ಹಾಕಿದ್ದು ನನ್ನ ಜನ್ಮದಲ್ಲಿ ಅದೊಂದೇ ಸಲ. ಮೊದಲು ಕಾಲುವೆಯ ಬಾಯಿ ತೆಗೆದೆ. ನೀರು ಒಣಗಿದ ಗದ್ದೆಯಲ್ಲಿ ನಡೆಯಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ನಿಂತು ನೋಡಿದವರಿಗೇ ಗೊತ್ತು. ಬಿರುಕಿಗೆ ಇಳಿಯುತ್ತದೆ, ತುಂಬುತ್ತದೆ, ಒಂದು ಗೇಣು ಮುಂದೆ ಬರುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ಅದು ಪೈಪಿನ ಬುಡಕ್ಕೆ ಬಂತು. ಪೈಪಿನ ಸುತ್ತ ಗಾಳಿ ಹೊರಗೆ ಬಂದು ಗುಳ್ಳೆ ಎದ್ದಿತು. ಅದು ಬರೀ ಗಾಳಿಯೋ ಆ ಅನಿಲವೋ ನನಗೆ ತಿಳಿಯದು. ಮೇಲೆ ನೋಡಿದೆ. ಮೋಡವೂ ಇಲ್ಲದ ಬಿಳಿ ಆಕಾಶ. ಬೆನ್ನಿನ ಮೇಲೆ ಯಾರೋ ಕೈ ಇಟ್ಟ ಹಾಗಾಯಿತು.

ಮಡೆ ತೆಗೆದಾಗ ಅಕ್ಕ ಕೆಳಗೆ ನಿಂತಿದ್ದರು. ಯಜಮಾನರು ಬದುವಿನ ಮೇಲೆ. ನೀರು ಇಳಿಯಿತು. ಆಮೇಲೆ ಯಜಮಾನರು ಬೇರೆ ಕಡೆ ನೋಡುತ್ತ "ತಡ ಆತಮ್ಮ" ಅಂದರು. ಅಕ್ಕ "ಹ್ಞೂಂ" ಅಂದರು.

ಫೋಟೋ ತೆಗೆಯುವುದು ಬಾಕಿ ಇತ್ತು. ಒಂದು ಸುಳ್ಳು ಹೊಳೆಯಿತು, ಮುಚ್ಚಿಡುವುದಿಲ್ಲ. ಪೈಪು ಕಿತ್ತು ಇನ್ನೂ ನೀರು ಬಾರದ ಆಚೆ ಮೂಲೆಯಲ್ಲಿ ಹುಗಿದು ಫೋಟೋ ಹೊಡೆದರೆ ಮುಗಿಯಿತು. ಪೈಪಿನ ಮೇಲೆ ಕೈ ಕೂಡ ಇಟ್ಟೆ. ಯಜಮಾನರು ನೋಡುತ್ತಿದ್ದರು. ಕೈ ತೆಗೆದು, ನೀರಿನಲ್ಲಿ ನಿಂತ ಪೈಪಿನ ಫೋಟೋ ತೆಗೆದೆ. ಬದುವಿನ ಮೇಲೆ ಕೂತು ಒಂದು ಸಂದೇಶ ಒತ್ತಿದೆ: "ಈ ಗದ್ದೆಗೆ ನೀರು ಬಿಟ್ಟಿದ್ದು ನಾನು. ರೈತರು ಅಲ್ಲ. ಕೆಳಗಿನ ಗದ್ದೆ ಹೊಡೆ ಕಟ್ಟಿದೆ. ಆ ಗದ್ದೆಗೆ ನಂಬರ್ ಇಲ್ಲ." ಇಷ್ಟು ಒತ್ತುವುದರೊಳಗೆ ನೀರು ಅಕ್ಕನ ಗದ್ದೆಯ ಅರ್ಧ ದಾಟಿತ್ತು.

ಮುಂದಿನ ದಿನಗಳು ಹೇಗೆ ಹೋದವೋ. ಫೋನು ಗುಂಯ್ ಎಂದರೆ ಆಫೀಸಿನದೇ ಅಂದುಕೊಳ್ಳುತ್ತಿದ್ದೆ. ಮುದ್ದೆ ಮುರಿದು ಹಾಗೇ ಕೂರುತ್ತಿದ್ದೆ. ಅಂಗಳದಲ್ಲಿ ನಿಂತು ಮೇಲೆ ನೋಡುವುದನ್ನು ಕಂಡು ನನ್ನ ಹೆಂಡತಿ, "ಮ್ಯಾಲೆ ಇರೋನು ನಿಮ್ಮ ಬಾತಿ ಮನಿ ನೋಡಾಕ ಕುಂತಿಲ್ಲ, ಒಳಗೆ ಬರ್ರಿ" ಅನ್ನುತ್ತಿದ್ದಳು. ಐದನೇ ದಿನ ದಾವಣಗೆರೆ ಆಫೀಸಿನಿಂದ ಕರೆ ಬಂತು. ಅವಳು ಇಸ್ತ್ರಿ ಮಾಡಿದ ಅಂಗಿ ಕೊಟ್ಟಳು. ಮದುವೆಗೆ ಹಾಕಿಕೊಳ್ಳುವ ಅಂಗಿ ಅದು.

ಎಂಜಿನಿಯರಮ್ಮ ಕಂಪ್ಯೂಟರ್ ತಿರುಗಿಸಿ ನನ್ನ ಫೋಟೋ ತೋರಿಸಿದರು. "ಅಂಕಲ್, ಇದು ಏನಾಯ್ತು ಹೇಳಿ."

ಹೇಳಿದೆ. ಹೊಡೆ ನೀರು ಎಂದರೇನು ಎಂಬುದನ್ನೂ ಹೇಳಿದೆ. ಅವರು ಬೈಯಲಿಲ್ಲ. ಹಣೆ ಗಂಟಿಕ್ಕಿಕೊಂಡು ಕೇಳಿದರು, "ಕೆಳಗಿನ ಗದ್ದೆಗೆ ಬೇರೆ ಕಾಲುವೆ ಇಲ್ವಾ?"

"ಇಲ್ಲಮ್ಮಾ. ಇದರ ಹೊಟ್ಟ್ಯಾಗಿಂದಲೇ ಹೋಗ್ಬೇಕು."

"ಬೇರೆ ಪ್ಲಾಟ್‌ಗಳಲ್ಲೂ ಹೀಗೇನಾ?"

"ನಾ ನೋಡಿಲ್ಲಮ್ಮಾ. ನಾ ಪೈಪ್ ಅಷ್ಟೇ ನೋಡ್ತಿದ್ದೆ."

ಅವರು ಏನೋ ಬರೆದುಕೊಂಡರು. ನಾನು ಧೈರ್ಯ ಮಾಡಿ ಕೇಳಿದೆ, "ಅಮ್ಮಾ, ಮ್ಯಾಲಿಂದ ಗೊತ್ತಾತೇನು ನಾ ನೀರು ಬಿಟ್ಟಿದ್ದು?"

"ಉಪಗ್ರಹದಿಂದಾನಾ? ಇಲ್ಲ ಅಂಕಲ್. ಅಷ್ಟು ಚಿಕ್ಕ ಗದ್ದೆ ಅದರಲ್ಲಿ ಸರಿಯಾಗಿ ಕಾಣೋದೇ ಇಲ್ಲ. ಇಡೀ ಬಯಲು ಮಾತ್ರ ಕಾಣುತ್ತೆ. ಉಳಿದಿದ್ದಕ್ಕೆ ನಿಮ್ಮ ಫೋಟೋನೇ ನಾವು ನಂಬೋದು."

ಆ ಮಾತಿಗೆ ನನಗೆ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಅಷ್ಟು ದಿನ ಹೆದರಿದ್ದು ಎಲ್ಲ ಕಾಣುವ ಒಂದು ಕಣ್ಣಿಗೆ. ಆ ಕಣ್ಣಿಗೆ ಯಜಮಾನರ ಗದ್ದೆ ಕಾಣದು, ಅಕ್ಕನ ಗದ್ದೆಯ ಬಿರುಕಂತೂ ಯಾವ ಕಂಪ್ಯೂಟರಿನಲ್ಲೂ ಕಾಣದು. ಕಾಣಬೇಕಾದವನು ನಾನು. ಅವತ್ತು ಅಕ್ಕ ಬದುವಿನ ಮೇಲೆ ಬಂದು ನಿಲ್ಲದಿದ್ದರೆ, ನಾನು ಫೋಟೋ ತೆಗೆದು ಬೈಕು ಹತ್ತಿ ಹೋಗುತ್ತಿದ್ದೆ. ಆ ಫೋಟೋ ಸರಿಯಾಗಿಯೇ ಇರುತ್ತಿತ್ತು. ಹೊರದೇಶದಲ್ಲಿ ಯಾರೋ ಒಬ್ಬರು ಇಷ್ಟು ಹೊಗೆ ಇಳಿಯಿತು ಎಂದು ಸಂತೋಷಪಡುತ್ತಿದ್ದರು.

ಯಜಮಾನರ ಗದ್ದೆಯನ್ನು ಆ ಬೆಳೆಯ ಮಟ್ಟಿಗೆ ಪಟ್ಟಿಯಿಂದ ತೆಗೆದರು. ನನ್ನ ಕೆಲಸ ಉಳಿಯಿತು. ಎಂಜಿನಿಯರಮ್ಮ ನನ್ನಿಂದಲೇ ಕಾಗದದ ಮೇಲೆ ಬರೆಸಿದರು, ಯಾರ ಗದ್ದೆಯಿಂದ ಯಾರ ಗದ್ದೆಗೆ ನೀರು, ಅಲ್ಲಿ ನಾಟಿ ಯಾವಾಗ ಎಂದು. ಇನ್ನು ಮುಂದೆ ಎಲ್ಲ ಕಡೆ ಇದನ್ನು ಕೇಳಿಯೇ ಪೈಪು ಹಾಕುವುದು ಎಂದರು. ಒಳ್ಳೆಯ ಮನಸ್ಸಿನವರು. ಆ ಕಂಪನಿಯವರೂ ಕೆಟ್ಟವರಲ್ಲ ಎಂದೇ ನಾನು ತಿಳಿದಿದ್ದೇನೆ. ಬಿಸಿಲು ವರ್ಷ ವರ್ಷ ಏರುತ್ತಿರುವುದು ನನ್ನ ಬೆನ್ನಿಗೂ ಗೊತ್ತು, ಯಾರಾದರೂ ಏನಾದರೂ ಮಾಡಲೇಬೇಕು.

ಮರುದಿನದಿಂದ ನನ್ನ ಪಟ್ಟಿಯ ಉಳಿದ ಗದ್ದೆಗಳ ಕೆಳಗೆ ಇಳಿದು ನೋಡಿದೆ. ಎರಡು ಕಡೆ ತೆನೆ ಆಗಲೇ ಹೊರಗೆ ಬಂದು ಬೆಳ್ಳಗೆ ನೆಟ್ಟಗೆ ನಿಂತಿತ್ತು. ಕಾಳು ಕಟ್ಟಿದ ತೆನೆ ಬಾಗುತ್ತದೆ, ಜೊಳ್ಳು ನೆಟ್ಟಗೆ ನಿಲ್ಲುತ್ತದೆ. ಅದು ನೀರಿಲ್ಲದೆ ಆದದ್ದೋ, ಹುಳ ಹೊಡೆದದ್ದೋ ಎಂದು ಅಲ್ಲಿಯವರನ್ನು ಕೇಳಿದೆ. ಒಬ್ಬರು ಹುಳ ಅಂದರು. ಇನ್ನೊಬ್ಬರು ನನ್ನನ್ನು ನೋಡಿದರು, ಏನೂ ಅನ್ನಲಿಲ್ಲ. ಅವರು ಅನ್ನದೆ ಬಿಟ್ಟದ್ದು ಏನು ಎಂದು ನಾನು ಈಗಲೂ ಯೋಚಿಸುತ್ತೇನೆ.

ಕೊಯ್ಲು ಆದ ಮೇಲೆ ಅಕ್ಕನ ಮನೆಯ ಮುಂದೆ ಭತ್ತ ಹರಡಿತ್ತು. ನಾನು ಹೋಗಿ ನಿಂತೆ. ಅಕ್ಕ ಕೂಡ್ರು ಅನ್ನಲಿಲ್ಲ. ಒಂದು ಹಿಡಿ ಭತ್ತ ತೆಗೆದು ನನ್ನ ಅಂಗೈಗೆ ಹಾಕಿ "ಊದು" ಅಂದರು. ಊದಿದೆ. ಮೂರರಲ್ಲಿ ಒಂದು ಪಾಲು ಹಾರಿಹೋಯಿತು.

"ಮಡಿ ಹತ್ತಿರದ್ದು ಉಳೀತು. ಆ ಮೂಲಿಗೆ ನೀರು ಮುಟ್ಟಾದ್ರೊಳಗೆ ತಡ ಆಗಿತ್ತು," ಅಕ್ಕ ಹೇಳಿದರು. "ದೀಪಾವಳಿ ತನ ಬರ್ತೈತೆ. ಆಮ್ಯಾಲಿಂದು ಕೊಂಡು ತಿನ್ಬೇಕು."

"ತಪ್ಪಾತ್ರಿ ಅಕ್ಕಾ."

"ತಪ್ಪಾತು ಅನ್ನಾಕರ ನೀ ಬಂದಿ." ಮೊರ ಎತ್ತಿಕೊಂಡರು. ಕೇರಲು ಶುರುಮಾಡಿ, ನನ್ನ ಕಡೆ ನೋಡದೆ ಕೇಳಿದರು, "ಮುಂದಿನ ಬೆಳಿಗೂ ನೀನೇ ಬರ್ತೀಯೇನು ಫೋಟೋ ಹೊಡ್ಯಾಕೆ?"

"ಗೊತ್ತಿಲ್ರಿ."

"ಬಂದ್ರೆ ಮೊದ್ಲು ಕೆಳಗೆ ಇಳಿ. ಆಮ್ಯಾಲೆ ಪೈಪ್ ನೋಡು."

ನಾನು ಈಗಲೂ ಆ ಕೆಲಸದಲ್ಲೇ ಇದ್ದೇನೆ. ಮೊದಲು ಕೆಳಗೆ ಇಳಿಯುತ್ತೇನೆ. ನನ್ನ ಪಟ್ಟಿ ಸಣ್ಣದು, ಆದರೆ ಇಂಥ ಪೈಪುಗಳು ಎಷ್ಟೋ ಊರುಗಳಲ್ಲಿ ಇವೆಯಂತೆ. ಅಲ್ಲಿ ಕೆಳಗೆ ಇಳಿದು ನೋಡುವವರು ಇದ್ದಾರೋ ಇಲ್ಲವೋ ನನಗೆ ತಿಳಿಯದು.

ಓದಿದ ನಿಮ್ಮಲ್ಲಿ ಯಾರಾದರೂ ಹೀಗೆ ಮೇಲಿನ ಗದ್ದೆಯವರಾಗಿ, ಕೆಳಗಿನ ಗದ್ದೆಯವರಾಗಿ, ಇಲ್ಲವೇ ನನ್ನ ಹಾಗೆ ನಡುವೆ ಫೋಟೋ ತೆಗೆಯುವವರಾಗಿ ಇದ್ದೀರೇನು? ನಿಮ್ಮ ಕಡೆ ಏನಾಯಿತು, ಹೊಡೆ ನೀರು ಈಗಲೂ ಬಿಡುತ್ತಾರೋ, ದಯವಿಟ್ಟು ಬರೆದು ತಿಳಿಸಿ. ನಿಧಾನಕ್ಕೆ ಒತ್ತಿದರೂ ಪರವಾಗಿಲ್ಲ, ನಾನೂ ನಿಧಾನಕ್ಕೇ ಓದುತ್ತೇನೆ.